ಕಾಲಿನ ಸಿರೆ ಎದೆಯಲ್ಲಿ ಏಕೆ ಸೋಲುತ್ತದೆ?

ಬೀದರ, ಕಲಬುರಗಿ, ರಾಯಚೂರು ಸೀಮೆಯ ಜನರಿಗೆ ಹೈದರಾಬಾದು ಇಂದಿಗೂ ದೊಡ್ಡ ಆಸ್ಪತ್ರೆಗಳ ಊರು. 1956ರ ರಾಜ್ಯ ಪುನರ್ವಿಂಗಡಣೆ ಆಡಳಿತದ ಗಡಿಯನ್ನು ಬದಲಿಸಿತು. ರೋಗಿಯ ದಾರಿಯನ್ನು ಬದಲಿಸಲಿಲ್ಲ. ಇಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಊರಿನ ಕಡೆಯ ನೆಂಟರು ಹೃದಯದ ಪರೀಕ್ಷೆಯ ಕಡತ ಹಿಡಿದು ಬಂದು ನಾಲ್ಕು ದಿನ ತಂಗುವುದು ಎಷ್ಟೋ ವರ್ಷಗಳಿಂದ ನಡೆದುಬಂದ ವಾಡಿಕೆ. ಅಂಥ ಮನೆಗಳಲ್ಲಿ 'ಬೈಪಾಸ್' ಎಂಬ ಪದಕ್ಕೆ ಈಗ ಅರ್ಥ ಹೇಳಬೇಕಾಗಿಲ್ಲ. "ಅವರಿಗೆ ಬೈಪಾಸ್ ಆಗಿದೆ" ಎನ್ನುತ್ತೇವೆ. ಆ 'ಆಗಿದೆ' ಎಂಬ ಕ್ರಿಯಾಪದದಲ್ಲಿ ಒಂದು ನಂಬಿಕೆ ಅಡಗಿದೆ: ಕೆಲಸ ಮುಗಿಯಿತು, ಕಟ್ಟಿಕೊಂಡಿದ್ದ ನಾಳದ ಪಕ್ಕದಲ್ಲಿ ಹೊಸ ನಾಳ ಹಾಕಿದರು, ಇನ್ನು ಭಯವಿಲ್ಲ.

ವೈದ್ಯಕೀಯದ ಇತಿಹಾಸ ಹೇಳುವುದು ಬೇರೆ. ಕಾಲಿನಿಂದ ತೆಗೆದು ಎದೆಯಲ್ಲಿ ಹೊಲಿದ ಸಿರೆಗಳಲ್ಲಿ ಕೆಲವು ಮೊದಲ ವಾರಗಳಲ್ಲಿಯೇ ಮುಚ್ಚಿಹೋಗುತ್ತವೆ. ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮುಚ್ಚಿರುತ್ತವೆ. ಇದು ಶಸ್ತ್ರವೈದ್ಯರ ಕೈಗುಣದ ಕೊರತೆಯಿಂದ ಮಾತ್ರ ಆಗುವುದಲ್ಲ. ಒಂದು ಕೆಲಸಕ್ಕೆ ಹುಟ್ಟಿದ ಅಂಗಾಂಶವನ್ನು ಇನ್ನೊಂದು ಕೆಲಸಕ್ಕೆ ಹಚ್ಚಿದಾಗ ಅದು ಹೇಗೆ ವರ್ತಿಸುತ್ತದೆ ಎಂಬುದು ಇದರ ತಿರುಳು. ಆ ವರ್ತನೆಯನ್ನು ಅರಿಯಲು ವಿಜ್ಞಾನ ನೂರು ವರ್ಷಕ್ಕೂ ಹೆಚ್ಚು ಕಾಲ ಹೆಣಗಿದೆ. ಆ ಕಥೆಯ ಒಂದೆರಡು ಎಳೆಗಳು ನಮ್ಮ ಈ ಊರಿನಲ್ಲಿಯೂ ಹಾದುಹೋಗಿವೆ. (ಶಾಲೆಯ ಪುಸ್ತಕಗಳ ಅಪಧಮನಿಯನ್ನು ಇಲ್ಲಿ ಧಮನಿ ಎಂದೂ ಅಭಿಧಮನಿಯನ್ನು ಸಿರೆ ಎಂದೂ ಕರೆದಿದ್ದೇನೆ.)

ಮೂಸಿ ದಡದ ಒಂದು ಹಳೆಯ ಪ್ರಶ್ನೆ

ಹೈದರಾಬಾದಿನಲ್ಲಿ ಹೃದಯವನ್ನು ಕುರಿತ ಮೊದಲ ದೊಡ್ಡ ವೈಜ್ಞಾನಿಕ ವಾದ ಎದ್ದದ್ದು ಬೈಪಾಸಿಗೆ ಎಂಬತ್ತು ವರ್ಷ ಮೊದಲು. 1847ರಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮನ್ನು ಅರಿವಳಿಕೆಯಾಗಿ ಬಳಕೆಗೆ ತಂದ ಮೇಲೆ ಶಸ್ತ್ರಚಿಕಿತ್ಸೆಯ ಯಾತನೆ ತಗ್ಗಿತು. ಆದರೆ ಆಗೊಬ್ಬ ಈಗೊಬ್ಬ ರೋಗಿ ಮೇಜಿನ ಮೇಲೆಯೇ, ಏನೂ ಮುನ್ಸೂಚನೆಯಿಲ್ಲದೆ ಸಾಯುತ್ತಿದ್ದ. ಮೊದಲು ನಿಲ್ಲುವುದು ಉಸಿರೋ, ಹೃದಯವೋ? ಲಂಡನ್ನಿನವರು ಹೃದಯವೆಂದರು, ನಾಡಿಯನ್ನು ಹಿಡಿದು ಕೂತಿರಿ ಎಂದರು. ಎಡಿನ್‌ಬರೋದವರು ಉಸಿರೆಂದರು, ನಾಡಿಯನ್ನು ಬಿಟ್ಟು ಉಸಿರನ್ನು ನೋಡಿ ಎಂದರು.

ಹೈದರಾಬಾದಿನ ರೆಸಿಡೆನ್ಸಿ ಸರ್ಜನ್, ಇಲ್ಲಿಯ ವೈದ್ಯಕೀಯ ಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ಎಡಿನ್‌ಬರೋದ ಪಕ್ಷದವನು. ಅಫ್ಜಲ್‌ಗಂಜಿನ ಆಸ್ಪತ್ರೆಯಲ್ಲಿ ಸಾವಿರಾರು ರೋಗಿಗಳಿಗೆ ಕ್ಲೋರೋಫಾರ್ಮ್ ಕೊಟ್ಟ ಅನುಭವ ಅವನಿಗಿತ್ತು. 1888ರಲ್ಲಿ ಅವನ ನೇತೃತ್ವದಲ್ಲಿ ಮೊದಲ ಕ್ಲೋರೋಫಾರ್ಮ್ ಆಯೋಗ ಕೂತಿತು. ನಾಯಿಗಳ ಮೇಲೆ ಪ್ರಯೋಗ ನಡೆಸಿ, ಉಸಿರು ನಿಂತ ಮೇಲೆಯೇ ಹೃದಯ ನಿಲ್ಲುತ್ತದೆ ಎಂದು ತೀರ್ಮಾನಿಸಿತು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಅದನ್ನು ಒಪ್ಪಲಿಲ್ಲ. ಆಗ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರು 1000 ಪೌಂಡು ನೀಡಿ, ಪತ್ರಿಕೆ ಹೆಸರಿಸಿದ ತಜ್ಞನೇ ಬಂದು ನೋಡಲಿ ಎಂದರು. 1889ರಲ್ಲಿ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದ. ನೂರಾರು ಪ್ರಾಣಿಗಳ ಮೇಲೆ ಎರಡನೆಯ ಆಯೋಗ ಪ್ರಯೋಗ ನಡೆಸಿತು. ಹೃದಯವೇ ಅಪಾಯದ ನೆಲೆ ಎಂದು ನಂಬಿ ಬಂದಿದ್ದ ಬ್ರಂಟನ್ ಮನಸ್ಸು ಬದಲಿಸಿ ಲಾರಿಯ ಪಕ್ಷಕ್ಕೆ ಸೇರಿದ.

ಆದರೂ ಆಯೋಗದ ಉತ್ತರ ಪೂರ್ತಿ ಸರಿಯಾಗಿರಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಎಂಬ ವೈದ್ಯ ಬೆಕ್ಕುಗಳಲ್ಲಿ ತೋರಿಸಿದಂತೆ, ಕ್ಲೋರೋಫಾರ್ಮ್ ಗಾಢವಾಗಿದ್ದಾಗ ಅಲ್ಲ, ತೆಳುವಾಗಿದ್ದಾಗಲೇ ಹೃದಯದ ಕುಹರಗಳು ಲಯ ತಪ್ಪಿ ನಡುಗಿ ನಿಂತುಬಿಡಬಲ್ಲವು. ಹೈದರಾಬಾದಿನ ಪ್ರಾಣಿಗಳಿಗೆ ಹೆಚ್ಚಾಗಿ ಕೊಟ್ಟದ್ದು ಗಾಢ ಪ್ರಮಾಣ. ಅಲ್ಲಿ ಉಸಿರು ಮೊದಲು ನಿಂತಿತು. ಮೇಜಿನ ಮೇಲೆ ಹೆದರಿದ, ಅರೆ ಎಚ್ಚರದ ಮನುಷ್ಯನಲ್ಲಿ ನಡೆಯುತ್ತಿದ್ದುದು ಬೇರೆ. ಪ್ರಯೋಗ ಪ್ರಾಮಾಣಿಕವಾಗಿತ್ತು, ಅಳತೆಗಳು ಸರಿಯಾಗಿದ್ದವು. ಪ್ರಾಣಿಯ ಸ್ಥಿತಿ ಮಾತ್ರ ರೋಗಿಯ ಸ್ಥಿತಿಯಾಗಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಸಿರೆಯ ಕಥೆಯಲ್ಲಿ ಇದೇ ಎಡವು ಮತ್ತೆ ಎದುರಾಗುತ್ತದೆ.

ಕಸೂತಿಯಿಂದ ಕಸಿಗೆ

1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಅವರನ್ನು ಲಿಯಾನ್ ನಗರದಲ್ಲಿ ಇರಿದರು. ಚೂರಿ ಯಕೃತ್ತಿಗೆ ಹೋಗುವ ದೊಡ್ಡ ಸಿರೆಯನ್ನು ಸೀಳಿತ್ತು. ಅದನ್ನು ಹೊಲಿಯುವ ವಿದ್ಯೆ ಯಾರಿಗೂ ಗೊತ್ತಿರಲಿಲ್ಲ, ಅವರು ತೀರಿಕೊಂಡರು. ಅದೇ ಊರಿನ ತರುಣ ವೈದ್ಯ ಅಲೆಕ್ಸಿಸ್ ಕ್ಯಾರೆಲ್‌ಗೆ ಇದು ಸಹಿಸಲಾಗದ ಸಂಗತಿಯಾಯಿತು. ಅವನು ಒಬ್ಬ ಕಸೂತಿಗಾರ್ತಿಯ ಬಳಿ ಸೂಕ್ಷ್ಮ ಸೂಜಿ, ರೇಷ್ಮೆ ದಾರಗಳ ಕೈಚಳಕ ಕಲಿತ. ನಾಳದ ದುಂಡು ಬಾಯಿಯನ್ನು ಮೂರು ಕಡೆ ಎಳೆದು ತ್ರಿಕೋನ ಮಾಡಿಕೊಂಡರೆ ಮೂರು ನೇರ ಹೊಲಿಗೆಗಳಲ್ಲಿ ಜೋಡಿಸಬಹುದು ಎಂದು 1902ರಲ್ಲಿ ಪ್ರಕಟಿಸಿದ. ಮುಂದೆ ಅಮೆರಿಕದಲ್ಲಿ ಚಾರ್ಲ್ಸ್ ಗತ್ರಿಯೊಡನೆ ಸೇರಿ ನಾಯಿಗಳ ಧಮನಿಯ ತುಂಡು ತೆಗೆದು ಆ ಜಾಗದಲ್ಲಿ ಸಿರೆಯನ್ನು ಹೊಲಿದ. ಧಮನಿಯ ಜಾಗಕ್ಕೆ ಬಂದ ಸಿರೆಯ ಗೋಡೆ ದಿನಕಳೆದಂತೆ ದಪ್ಪವಾಗುವುದನ್ನು ಅವರಿಬ್ಬರೂ ಗಮನಿಸಿದ್ದರು. ಇಂದು ನಾವು ಕಸಿಯ ಸೋಲಿನ ಮೂಲವೆಂದು ಗುರುತಿಸುವ ಲಕ್ಷಣ ಹೀಗೆ ಮೊದಲ ದಿನಗಳಲ್ಲಿಯೇ ಕಣ್ಣಿಗೆ ಬಿದ್ದಿತ್ತು. ಕ್ಯಾರೆಲ್‌ಗೆ 1912ರಲ್ಲಿ ನೊಬೆಲ್ ಬಂದಿತು.

ಮನುಷ್ಯರಲ್ಲಿ ಈ ವಿದ್ಯೆ ಮೊದಲು ಬೇರೂರಿದ್ದು ಕಾಲಿನಲ್ಲಿ. 1906ರಲ್ಲಿ ಮ್ಯಾಡ್ರಿಡ್ಡಿನ ಗೋಯಾನೆಸ್ ಮೊಣಕಾಲ ಹಿಂದಿನ ಧಮನಿಯ ಉಬ್ಬಿಗೆ ಪಕ್ಕದ ಸಿರೆಯನ್ನೇ ಬಳಸಿದ. 1948ರಲ್ಲಿ ಪ್ಯಾರಿಸ್ಸಿನ ಜಾನ್ ಕುನ್ಲಿನ್ ತೊಡೆಯಿಂದ ಮೊಣಕಾಲ ಕೆಳಗಿನವರೆಗೆ, ಕಟ್ಟಿಕೊಂಡ ಧಮನಿಯನ್ನು ಅಲ್ಲಿಯೇ ಬಿಟ್ಟು, ಅದರ ಮೇಲೂ ಕೆಳಗೂ ಉದ್ದನೆಯ ಸಿರೆಯ ಎರಡು ತುದಿ ಹೊಲಿದು ರಕ್ತಕ್ಕೆ ಅಡ್ಡದಾರಿ ಮಾಡಿಕೊಟ್ಟ. ಬೈಪಾಸ್ ಎಂಬ ಕಲ್ಪನೆ ಅಲ್ಲಿ ನಿಂತಿತು.

ಹೃದಯದ ಧಮನಿಗಳು ಎರಡು ಮೂರು ಮಿಲಿಮೀಟರ್ ಅಗಲದವು. ಎಲ್ಲಿ ಅಡೆತಡೆಯಿದೆ ಎಂದು ನೋಡುವ ಉಪಾಯವೂ ಇರಲಿಲ್ಲ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ನಡೆಸುತ್ತಿದ್ದ ಪರೀಕ್ಷೆಯೊಂದರಲ್ಲಿ ಬಣ್ಣದ ದ್ರವ ಆಕಸ್ಮಿಕವಾಗಿ ಹೃದಯದ ಧಮನಿಯೊಳಗೇ ಹೋಯಿತು. ರೋಗಿ ಸಾಯಲಿಲ್ಲ; ಧಮನಿ ಚಿತ್ರದಲ್ಲಿ ನಿಚ್ಚಳವಾಗಿ ಕಂಡಿತು. ಆಂಜಿಯೋಗ್ರಾಂ ಹುಟ್ಟಿದ್ದು ಹಾಗೆ. ಅದೇ ಆಸ್ಪತ್ರೆಗೆ ಅರ್ಜೆಂಟೀನದ ಹಳ್ಳಿಯೊಂದರಲ್ಲಿ ಹನ್ನೆರಡು ವರ್ಷ ವೈದ್ಯನಾಗಿದ್ದ ರೆನೆ ಫಾವಲೊರೊ ಬಂದು ಸೇರಿದ. 1967ರ ಮೇ ತಿಂಗಳಲ್ಲಿ 51 ವರ್ಷದ ಮಹಿಳೆಯೊಬ್ಬರ ಬಲ ಕೊರೊನರಿ ಧಮನಿಯ ಅಡೆತಡೆಯನ್ನು ಅವನು ಕಾಲಿನ ಸಿರೆಯಿಂದ ದಾಟಿಸಿದ. ಅವನಿಗಿಂತ ಮೊದಲು ಒಬ್ಬಿಬ್ಬರು ಈ ಕೆಲಸ ಮಾಡಿದ್ದುಂಟು. ಆದರೆ ಸಾಲಾಗಿ ಮಾಡಿ, ಫಲಿತಾಂಶಗಳನ್ನು ಪ್ರಕಟಿಸಿ, ಎಲ್ಲರೂ ಕಲಿಯಬಹುದಾದ ಚಿಕಿತ್ಸೆಯಾಗಿ ಬೆಳೆಸಿದವನು ಫಾವಲೊರೊ. ಎಂಟು ವರ್ಷಗಳೊಳಗೆ, 1975ರಲ್ಲಿ, ಚೆನ್ನೈನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಕೆ.ಎಂ. ಚೆರಿಯನ್ ಭಾರತದ ಮೊದಲ ಬೈಪಾಸ್ ನಡೆಸಿದರು.

ಸಿರೆ ಎಂಬುದು ಏನು

ಕಾಲಿನ ಒಳಬದಿಯಲ್ಲಿ ಪಾದದ ಗಂಟಿನಿಂದ ತೊಡೆಯ ಸಂದಿಯವರೆಗೆ ಚರ್ಮದ ಕೆಳಗೆ ಹರಿಯುವ ಉದ್ದನೆಯ ಸಿರೆಯನ್ನೇ ಶಸ್ತ್ರವೈದ್ಯರು ಆರಿಸಿಕೊಂಡದ್ದಕ್ಕೆ ಕಾರಣಗಳಿದ್ದವು. ಅದು ಸುಲಭವಾಗಿ ಸಿಗುತ್ತದೆ. ಮೂರು ನಾಲ್ಕು ಅಡ್ಡದಾರಿಗಳಿಗೆ ಸಾಲುವಷ್ಟು ಉದ್ದವಿದೆ. ಅದನ್ನು ತೆಗೆದರೂ ಕಾಲಿನ ಒಳಗಿನ ಸಿರೆಗಳು ರಕ್ತವನ್ನು ಮೇಲಕ್ಕೆ ಒಯ್ಯುತ್ತವೆ.

ಆದರೆ ಸಿರೆ ಹಿಂತಿರುಗುವ ರಕ್ತದ ದಾರಿ. ಮಲಗಿರುವ ಮನುಷ್ಯನ ಕಾಲಿನ ಸಿರೆಯಲ್ಲಿ ಒತ್ತಡ ಪಾದರಸದ ಹತ್ತು ಹದಿನೈದು ಮಿಲಿಮೀಟರನ್ನು ಸಾಮಾನ್ಯವಾಗಿ ಮೀರುವುದಿಲ್ಲ; ಹರಿವು ಮಂದ, ಬಡಿತವಿಲ್ಲ. ಅದರೊಳಗೆ ರಕ್ತ ಕೆಳಗಿಳಿಯದಂತೆ ತಡೆಯುವ ಕವಾಟಗಳಿವೆ. ಆದ್ದರಿಂದಲೇ ಕಸಿ ಮಾಡುವಾಗ ಸಿರೆಯನ್ನು ತಲೆಕೆಳಗಾಗಿ ತಿರುಗಿಸಿ ಹೊಲಿಯುತ್ತಾರೆ. ಮಹಾಧಮನಿಗೆ ಹೊಲಿದ ಗಳಿಗೆಯಲ್ಲಿ ಅದೇ ಸಿರೆಯ ಮೇಲೆ 120ಕ್ಕೂ 80ಕ್ಕೂ ನಡುವೆ ಏರಿಳಿಯುವ ಒತ್ತಡ ಬೀಳುತ್ತದೆ, ದಿನಕ್ಕೆ ಸುಮಾರು ಒಂದು ಲಕ್ಷ ಬಡಿತಗಳಂತೆ. ಧಮನಿಯ ಗೋಡೆಯಲ್ಲಿ ದಪ್ಪ ಸ್ನಾಯುಪದರವೂ ಎಳೆದರೆ ಹಿಗ್ಗಿ ಮತ್ತೆ ಕುಗ್ಗುವ ಸ್ಥಿತಿಸ್ಥಾಪಕ ಹಾಳೆಗಳೂ ಇವೆ. ಸಿರೆಯಲ್ಲಿ ಅವು ತೆಳು. ಕೆರೆಯ ಕಾಲುವೆಗೆಂದು ಕಟ್ಟಿದ ಮಣ್ಣಿನ ಏರಿಗೆ ತುಂಬಿದ ಹೊಳೆಯನ್ನು ತಿರುಗಿಸಿದಂತೆ.

ಸೋಲು ಮೂರು ಹಂತಗಳಲ್ಲಿ ಬರುತ್ತದೆ. ಮೊದಲ ಹಂತ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಆರಂಭವಾಗುತ್ತದೆ. ನಾಳದ ಒಳಮೈಯಲ್ಲಿ ಒಂದೇ ಒಂದು ಕೋಶದಷ್ಟು ದಪ್ಪದ ಪದರವಿದೆ; ರಕ್ತ ಹೆಪ್ಪುಗಟ್ಟದೆ ಜಾರಿಹೋಗುವಂತೆ ನೋಡಿಕೊಳ್ಳುವುದು ಅದು. ಸಿರೆಯನ್ನು ಬಿಡಿಸುವಾಗ ಅದರ ಸುತ್ತಲಿನ ಕೊಬ್ಬನ್ನೂ, ಆ ಕೊಬ್ಬಿನೊಳಗಿಂದ ಸಿರೆಯ ಗೋಡೆಗೆ ಆಹಾರ ಒದಗಿಸುವ ಕೂದಲೆಳೆಯಂಥ ನಾಳಗಳನ್ನೂ ಕೆರೆದು ತೆಗೆಯುವುದು ವಾಡಿಕೆ. ಮುಟ್ಟಿದಾಗ ಸಿರೆ ಮುದುಡಿಕೊಳ್ಳುತ್ತದೆ. ಅದನ್ನು ಬಿಡಿಸಲೂ ಸೋರುವ ತೂತುಗಳನ್ನು ಹುಡುಕಲೂ ಸಿರಿಂಜಿನಿಂದ ದ್ರವ ತುಂಬಿ ಉಬ್ಬಿಸುತ್ತಾರೆ. ಕೈಯ ಒತ್ತಡ ಧಮನಿಯ ಒತ್ತಡವನ್ನೂ ಮೀರಿ ಹೋಗುವುದು ಸುಲಭ. ಆ ಹೊತ್ತಿಗೆ ಒಳಪದರ ಅಲ್ಲಲ್ಲಿ ಕಿತ್ತುಹೋಗಿರುತ್ತದೆ. ಬರಿದಾದ ಜಾಗಕ್ಕೆ ರಕ್ತದ ಕಿರುತಟ್ಟೆಗಳು ಅಂಟುತ್ತವೆ, ಹೆಪ್ಪು ಬೆಳೆಯುತ್ತದೆ. ಹೊಲಿಗೆ ಬಿಗಿಯಾದರೆ, ಸಿರೆ ಮಡಚಿಕೊಂಡರೆ, ಕಸಿಯ ಆಚೆಗಿನ ಧಮನಿಯೇ ಸಣ್ಣದಾಗಿ ರಕ್ತ ಮುಂದೆ ಸರಿಯದಿದ್ದರೆ ಹೆಪ್ಪಿಗೆ ಇನ್ನಷ್ಟು ಅನುಕೂಲ. ಮಧುಮೇಹಿಗಳಲ್ಲಿ ಧಮನಿ ಉದ್ದಕ್ಕೂ ಕೆಟ್ಟಿರುವುದರಿಂದ ಈ ಕೊನೆಯ ತೊಂದರೆ ನಮ್ಮ ನಾಡಿನಲ್ಲಿ ಅಪರೂಪವಲ್ಲ.

ಎರಡನೆಯ ಹಂತ ಮೊದಲ ತಿಂಗಳಿಂದ ಸುಮಾರು ಒಂದು ವರ್ಷದವರೆಗೆ. ಹೆಚ್ಚಿದ ಒತ್ತಡವನ್ನು ತಾಳಲು ಸಿರೆಯ ಗೋಡೆ ದಪ್ಪವಾಗಲೇಬೇಕು. ದಪ್ಪವಾದಷ್ಟೂ ಗೋಡೆಯ ಪ್ರತಿ ಎಳೆಯ ಮೇಲಿನ ಸೆಳೆತ ಕಡಿಮೆಯಾಗುತ್ತದೆ. ನಡುಪದರದಲ್ಲಿ ಸುಮ್ಮನಿದ್ದ ಸ್ನಾಯುಕೋಶಗಳು ಎಚ್ಚೆತ್ತು, ಸಂಖ್ಯೆ ಹೆಚ್ಚಿಸಿಕೊಂಡು, ಒಳಗಿನ ಕಡೆಗೆ ವಲಸೆ ಬಂದು, ಅಲ್ಲಿ ನಾರಿನಂಥ ವಸ್ತುವನ್ನು ಹರಡಿ ಹೊಸ ಪದರವೊಂದನ್ನು ಕಟ್ಟುತ್ತವೆ. ಕ್ಯಾರೆಲ್ ಕಂಡದ್ದು ಇದನ್ನೇ. ಇದು ರೋಗವಲ್ಲ, ಹೊಂದಿಕೊಳ್ಳುವಿಕೆ. ಆದರೆ ಒಳಪದರಕ್ಕೆ ಗಾಯವಾಗಿದ್ದಲ್ಲಿ ಬೆಳವಣಿಗೆಯನ್ನು ನಿಲ್ಲಿಸುವ ಸೂಚನೆಗಳು ದುರ್ಬಲವಾಗುತ್ತವೆ. ಪದರ ಬೇಕಾದ ಮಟ್ಟವನ್ನು ದಾಟಿ ಬೆಳೆದು ದಾರಿಯನ್ನು ಕಿರಿದಾಗಿಸುತ್ತದೆ. ಹೊಲಿಗೆ ಹಾಕಿದ ಜಾಗಗಳಲ್ಲಿ ಇದು ಹೆಚ್ಚು.

ಮೂರನೆಯದು ವರ್ಷಗಳ ಕೆಲಸ. ಈ ಹೊಸ ಪದರದೊಳಗೆ ಕೊಬ್ಬು ಇಳಿಯುತ್ತದೆ. ಹುಟ್ಟು ಧಮನಿಯಲ್ಲಿ ಹಲವು ದಶಕ ಹಿಡಿಯುವ ಕೊಬ್ಬಿನ ಶೇಖರಣೆ ಕಸಿಯ ಸಿರೆಯಲ್ಲಿ ಕೆಲವೇ ವರ್ಷಗಳಲ್ಲಿ ಆಗುತ್ತದೆ. ಅದರ ಮೇಲೆ ಗಟ್ಟಿಯಾದ ನಾರಿನ ಮುಚ್ಚಳಿಕೆ ಇರುವುದಿಲ್ಲ, ಪುಡಿಪುಡಿಯಾಗಿ ಉದುರುವಂಥದು. ಹಳೆಯ ಕಸಿಯನ್ನು ಬಲೂನಿನಿಂದ ಬಿಡಿಸಲು ಹೋದರೆ ಪುಡಿ ಕಳಚಿ ಮುಂದಿನ ಸಣ್ಣ ನಾಳಗಳನ್ನು ಮುಚ್ಚುವ ಅಪಾಯ ಇರುವುದು ಇದರಿಂದಲೇ. ಯಾವ ಕಾಯಿಲೆಯನ್ನು ದಾಟಲೆಂದು ಅಡ್ಡದಾರಿ ಮಾಡಿದರೋ ಅದೇ ಕಾಯಿಲೆ ಅಡ್ಡದಾರಿಗೂ ಹಿಡಿಯುತ್ತದೆ.

ಲೆಕ್ಕ ಇಟ್ಟವರು

ಇದನ್ನೆಲ್ಲ ಅಂದಾಜಿನಿಂದ ಹೊರತಂದವರು ರೋಗಿಗಳನ್ನು ಮತ್ತೆ ಮತ್ತೆ ಕರೆದು ಆಂಜಿಯೋಗ್ರಾಂ ಮಾಡಿದವರು. ಕೆನಡಾದ ಫಿಟ್ಜ್‌ಗಿಬ್ಬನ್ ಮತ್ತು ಸಂಗಡಿಗರು 25 ವರ್ಷ 1,388 ರೋಗಿಗಳ 5,065 ಕಸಿಗಳನ್ನು ಹಿಂಬಾಲಿಸಿ 1996ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ಉಲ್ಲೇಖವಾಗುತ್ತದೆ. ಸಿರೆಯ ಕಸಿಗಳಲ್ಲಿ ಆರಂಭದ ದಿನಗಳಲ್ಲಿ ತೆರೆದಿದ್ದವು ಶೇ. 88, ಒಂದು ವರ್ಷಕ್ಕೆ ಶೇ. 81, ಐದು ವರ್ಷಕ್ಕೆ ಶೇ. 75, ಹದಿನೈದು ವರ್ಷ ಮತ್ತು ಅದರಾಚೆಗೆ ಶೇ. 50. ಈ ಅಂಕಿಗಳನ್ನು ಓದುವಾಗ ಒಂದು ವಿವೇಕ ಬೇಕು. ಒಂದು ಕಸಿ ಮುಚ್ಚಿದ ಮಾತ್ರಕ್ಕೆ ರೋಗಿ ಸಾಯುವುದಿಲ್ಲ. ಎಷ್ಟೋ ಜನರಿಗೆ ಅದು ತಿಳಿಯುವುದೂ ಇಲ್ಲ. ಅರ್ಧ ಸಿರೆಗಳು ಹದಿನೈದು ವರ್ಷ ತೆರೆದೇ ಇದ್ದವು ಎಂಬುದೂ ಅದೇ ಲೆಕ್ಕದ ಮಾತು.

ಅದೇ ಹೊತ್ತಿಗೆ ಇನ್ನೊಂದು ನಾಳ ಸದ್ದಿಲ್ಲದೆ ಗೆಲ್ಲುತ್ತಿತ್ತು. ಎದೆಗೂಡಿನ ಒಳಗೋಡೆಗೆ ಅಂಟಿಕೊಂಡು ಇಳಿಯುವ ಒಂದು ಧಮನಿಯನ್ನು ಹೃದಯಕ್ಕೆ ಜೋಡಿಸುವ ಕೆಲಸವನ್ನು ಲೆನಿನ್‌ಗ್ರಾಡಿನ ಕೊಲೆಸೊವ್ 1964ರಲ್ಲಿಯೇ ಮಾಡಿದ್ದ. 1968ರಲ್ಲಿ ನ್ಯೂಯಾರ್ಕಿನ ಜಾರ್ಜ್ ಗ್ರೀನ್ ಅದನ್ನು ಸೂಕ್ಷ್ಮದರ್ಶಕದ ನೆರವಿನಿಂದ ಮುಂದುವರಿಸಿದ. ಕೆಲಸ ಕಷ್ಟದ್ದು, ಹೊತ್ತು ಹಿಡಿಯುವಂಥದು. ಸಿರೆಯ ಸುಲಭದ ಮುಂದೆ ಹೆಚ್ಚಿನವರು ಅದರತ್ತ ತಿರುಗಲಿಲ್ಲ. 1986ರಲ್ಲಿ ಕ್ಲೀವ್‌ಲ್ಯಾಂಡಿನ ಲೂಪ್ ಮತ್ತು ಸಂಗಡಿಗರು ಹತ್ತು ವರ್ಷಗಳ ಅನುಭವ ಪ್ರಕಟಿಸಿ, ಹೃದಯದ ಮುಂಬದಿಯ ಮುಖ್ಯ ಧಮನಿಗೆ ಈ ಎದೆಯ ಧಮನಿಯನ್ನು ಜೋಡಿಸಿಕೊಂಡವರು ಸಿರೆ ಮಾತ್ರ ಪಡೆದವರಿಗಿಂತ ಹೆಚ್ಚು ಕಾಲ ಬದುಕಿದರೆಂದು ತೋರಿಸಿದ ಮೇಲೆ ಅಭ್ಯಾಸ ಬದಲಾಯಿತು. ಹತ್ತು ವರ್ಷಗಳ ಬಳಿಕವೂ ಆ ಧಮನಿಗಳಲ್ಲಿ ಹತ್ತಕ್ಕೆ ಒಂಬತ್ತು ತೆರೆದಿರುತ್ತವೆ. ಅದು ಹುಟ್ಟಿನಿಂದಲೇ ಧಮನಿಯ ಒತ್ತಡದಲ್ಲಿ ಬಾಳಿದ ನಾಳ. ಮೇಲಿನ ತುದಿಯನ್ನು ಕತ್ತರಿಸದೆ ಹಾಗೆಯೇ ಬಿಡುವುದರಿಂದ ಅದರ ಗೋಡೆಯ ಆಹಾರ ತಪ್ಪುವುದಿಲ್ಲ. ನಾಳವನ್ನು ಸಡಿಲಿಸಿ ಹೆಪ್ಪನ್ನು ತಡೆಯುವ ನೈಟ್ರಿಕ್ ಆಕ್ಸೈಡನ್ನು ಅದರ ಒಳಪದರ ಧಾರಾಳವಾಗಿ ಸ್ರವಿಸುತ್ತದೆ. ಆದರೆ ಅಂಥ ಧಮನಿಗಳು ಎದೆಯಲ್ಲಿ ಇರುವುದು ಎರಡೇ. ಮೂರು ನಾಲ್ಕು ಕಡೆ ಅಡೆತಡೆಯಿದ್ದವರಿಗೆ ಉಳಿದ ದಾರಿಗಳಿಗೆ ಸಿರೆ ಇಂದಿಗೂ ಬೇಕು.

ಹೈದರಾಬಾದಿನ ತಂತಿಯ ಬಲೆ

1977ರಲ್ಲಿ ಜ್ಯೂರಿಕ್ಕಿನ ಗ್ರುಂಟ್‌ಜಿಗ್ ಬಲೂನಿನಿಂದ ಹೃದಯದ ಧಮನಿಯನ್ನು ಹಿಗ್ಗಿಸಿದ ಮೇಲೆ, 1986ರಲ್ಲಿ ಮೊದಲ ಸ್ಟೆಂಟುಗಳು ಬಂದ ಮೇಲೆ, ಎದೆ ತೆರೆಯದೆ ಗುಣಪಡಿಸುವ ದಾರಿಯೊಂದು ಬೆಳೆಯಿತು. ವಿದೇಶಿ ಸ್ಟೆಂಟಿನ ಬೆಲೆ ಮಾತ್ರ ನಮ್ಮ ಸಾಮಾನ್ಯ ಕುಟುಂಬಗಳ ಕೈಗೆ ಎಟುಕುವಂತಿರಲಿಲ್ಲ. ಇಲ್ಲಿ ಹೈದರಾಬಾದು ಕಥೆಯೊಳಗೆ ಮತ್ತೆ ಬರುತ್ತದೆ. 1982ರಲ್ಲಿ ಇಲ್ಲಿಯ ರಕ್ಷಣಾ ಸಂಶೋಧನಾ ಪ್ರಯೋಗಾಲಯದ ಮುಖ್ಯಸ್ಥರಾಗಿ ಬಂದ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಗೆ ಕ್ಷಿಪಣಿಗೆಂದು ಕಂಡುಕೊಂಡದ್ದನ್ನು ಆಸ್ಪತ್ರೆಗೆ ತರುವ ಆಸೆಯಿತ್ತು. ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಮೂರು ಕಿಲೋ ತೂಕದ ಆಸರೆಗಳನ್ನು ಕಾಲಿಗೆ ಕಟ್ಟಿಕೊಂಡು ಎಳೆದಾಡುತ್ತಿದ್ದ ಮಕ್ಕಳಿಗೆ 300 ಗ್ರಾಂ ತೂಕದ ಆಸರೆ ಮಾಡಿಕೊಟ್ಟದ್ದನ್ನು ಅವರು ತಮ್ಮ ಬಾಳಿನ ದೊಡ್ಡ ಸಂತೋಷವೆಂದು ಹೇಳಿಕೊಳ್ಳುತ್ತಿದ್ದರು. 1998ರಲ್ಲಿ ಅವರೂ ಹೃದ್ರೋಗ ತಜ್ಞ ಬಿ. ಸೋಮರಾಜು ಅವರೂ ಕೂಡಿ ಅಗ್ಗದ ಕೊರೊನರಿ ಸ್ಟೆಂಟೊಂದನ್ನು ರೂಪಿಸಿದರು. ಅದು ಕಲಾಂ–ರಾಜು ಸ್ಟೆಂಟ್ ಎಂದೇ ಹೆಸರಾಯಿತು. ಸ್ಟೆಂಟಿನ ಬೆಲೆ ಇಳಿಯಬಲ್ಲದು ಎಂಬ ವಿಶ್ವಾಸ ಹುಟ್ಟಿಸಿದ್ದು ಅದರ ದೊಡ್ಡ ಕೊಡುಗೆ. ಸರ್ಕಾರವೇ ಬೆಲೆಗೆ ಮಿತಿ ಹಾಕಲು 2017ರ ಫೆಬ್ರುವರಿ ಬರಬೇಕಾಯಿತು: ಸಾದಾ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿಸಿದ್ದಕ್ಕೆ 29,600.

ಸ್ಟೆಂಟಿನ ಕಥೆಯನ್ನು ಇಲ್ಲಿ ಹೇಳಿದ್ದಕ್ಕೆ ಬೆಲೆಯಲ್ಲದೆ ಬೇರೊಂದು ಕಾರಣವೂ ಇದೆ. ಸಾದಾ ಲೋಹದ ಸ್ಟೆಂಟು ಸೋಲುತ್ತಿದ್ದುದು ಸಿರೆಯ ಕಸಿಯ ಎರಡನೆಯ ಹಂತದ ರೀತಿಯಲ್ಲಿಯೇ. ಬಲೂನು ಧಮನಿಯ ಒಳಪದರವನ್ನು ಗಾಯಗೊಳಿಸುತ್ತದೆ; ನಡುಪದರದ ಸ್ನಾಯುಕೋಶಗಳು ಎಚ್ಚೆತ್ತು ಒಳಗೆ ಬೆಳೆಯುತ್ತವೆ; ತಂತಿಯ ಬಲೆಯ ಒಳಗೆ ದಾರಿ ಮತ್ತೆ ಕಿರಿದಾಗುತ್ತದೆ. ಕೋಶ ವಿಭಜನೆಯನ್ನು ತಡೆಯುವ ಔಷಧವನ್ನು ಸ್ಟೆಂಟಿಗೆ ಲೇಪಿಸಿ ಈ ತೊಂದರೆಯನ್ನು 2000ದ ದಶಕದಲ್ಲಿ ಬಹಳಷ್ಟು ಗೆದ್ದರು. ಹಾಗಾದರೆ ಸಿರೆಗೂ ಅದೇ ಉಪಾಯ ಏಕಾಗಬಾರದು?

ಮೊಲ ಒಪ್ಪಿತು, ಮನುಷ್ಯ ಒಪ್ಪಲಿಲ್ಲ

ಈ ಪ್ರಶ್ನೆ ಅಮೆರಿಕದಲ್ಲಿ ಬಹು ದೊಡ್ಡ ಪ್ರಯೋಗವೊಂದಕ್ಕೆ ದಾರಿಯಾಯಿತು. ಸ್ನಾಯುಕೋಶಗಳು ವಿಭಜನೆಗೆ ಹೊರಡುವಾಗ ಒಂದು ಪ್ರೋಟೀನು ಕೆಲವು ವಂಶವಾಹಿಗಳಿಗೆ ಅಂಟಿ ಅವನ್ನು ಚಾಲೂ ಮಾಡುತ್ತದೆ. ಆ ಪ್ರೋಟೀನು ಅಂಟುವ ಜಾಗದ ನಕಲೊಂದನ್ನು ಡಿ.ಎನ್.ಎ. ತುಣುಕಾಗಿ ತಯಾರಿಸಿ ಕೋಶದೊಳಗೆ ತುಂಬಿದರೆ, ಪ್ರೋಟೀನು ಮೋಸಹೋಗಿ ನಕಲಿಗೆ ಅಂಟುತ್ತದೆ, ಅಸಲು ವಂಶವಾಹಿ ಮಲಗಿಯೇ ಇರುತ್ತದೆ. ಎಡಿಫೋಲಿಗೈಡ್ ಎಂಬ ಈ ಔಷಧದ ದ್ರಾವಣದಲ್ಲಿ ಸಿರೆಯನ್ನು ಮೇಜಿನ ಮೇಲೆಯೇ ಹತ್ತು ನಿಮಿಷ ಅದ್ದಿ ಒತ್ತಡ ಕೊಟ್ಟರೆ ಸಾಕು. ಈ ಉಪಾಯದಿಂದ ಮೊಲಗಳ ಸಿರೆಯ ಕಸಿ ದಪ್ಪವಾಗಲಿಲ್ಲ, ಕೊಬ್ಬು ತಿನ್ನಿಸಿದರೂ ಕೆಡಲಿಲ್ಲ. ಮನುಷ್ಯರ ಮೇಲಿನ ಸಣ್ಣ ಪ್ರಯೋಗದಲ್ಲಿಯೂ ಭರವಸೆ ಕಂಡಿತು.

ಆಮೇಲೆ 107 ಆಸ್ಪತ್ರೆಗಳಲ್ಲಿ 3,014 ಬೈಪಾಸ್ ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಫಲಿತಾಂಶ 2005ರಲ್ಲಿ ಬಂತು. ಒಂದು ಒಂದೂವರೆ ವರ್ಷದ ಹೊತ್ತಿಗೆ, ಕನಿಷ್ಠ ಒಂದು ಸಿರೆಯಾದರೂ ಮುಕ್ಕಾಲು ಪಾಲು ಅಥವಾ ಪೂರ್ತಿ ಮುಚ್ಚಿದ್ದ ರೋಗಿಗಳು ಔಷಧ ಪಡೆದವರಲ್ಲಿ ಶೇ. 45, ಪಡೆಯದವರಲ್ಲಿ ಶೇ. 46. ಕಾಲಿನ ಬೈಪಾಸಿನ 1,404 ರೋಗಿಗಳ ಜೊತೆ ಪರೀಕ್ಷೆಯಲ್ಲಿಯೂ ಲಾಭವಿರಲಿಲ್ಲ.

ಅಫ್ಜಲ್‌ಗಂಜಿನ ಪಾಠ ಇಲ್ಲಿ ನೆನಪಾಗಬೇಕು. ಮೊಲದ ಸಿರೆ ಎಳೆಯದು, ರೋಗವಿಲ್ಲದ್ದು. ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ, ಹಿಂದೆ ಬೀಡಿ ಸೇದಿದ ಮನುಷ್ಯನ ಸಿರೆ ಮೇಜಿಗೆ ಬರುವ ಮೊದಲೇ ಅಲ್ಲಲ್ಲಿ ದಪ್ಪವಾಗಿರುತ್ತದೆ. ಮೊಲದಲ್ಲಿ ಸೋಲಿನ ಬೇರು ಕೋಶಗಳ ಬೆಳವಣಿಗೆ ಒಂದೇ. ಮನುಷ್ಯನಲ್ಲಿ ಹೆಪ್ಪು, ಹೊಲಿಗೆ, ಸಣ್ಣ ಧಮನಿ, ಗಾಯ, ಕೊಬ್ಬು ಎಲ್ಲವೂ ಕೂಡಿವೆ. ಒಂದು ಬೀಗಕ್ಕೆ ಮಾಡಿದ ಕೀಲಿಯಿಂದ ಐದು ಬೀಗ ತೆರೆಯಲಿಲ್ಲ. ಆದರೂ ಈ ಪರೀಕ್ಷೆ ಒಂದು ಉಪಕಾರ ಮಾಡಿತು. ರೋಗಲಕ್ಷಣವಿಲ್ಲದವರನ್ನೂ ಕರೆದು ನೋಡಿದ್ದರಿಂದ, ಒಂದೂವರೆ ವರ್ಷದೊಳಗೇ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಒಂದು ಸಿರೆಯಾದರೂ ಕೆಟ್ಟಿರುತ್ತದೆಂಬ ಸತ್ಯ ಹೊರಬಿತ್ತು.

ಹೆಚ್ಚು ದೂರ ಹೋದದ್ದು ಸರಳವಾದ ಉಪಾಯಗಳು. ಸ್ವೀಡನ್ನಿನ ಒರೆಬ್ರೊ ನಗರದಲ್ಲಿ ಡೊಮಿಂಗೊಸ್ ಸೌಜಾ ಸಿರೆಯನ್ನು ಸುತ್ತಲಿನ ಕೊಬ್ಬಿನ ಸಮೇತ, ಮುಟ್ಟದೆ, ಸಿರಿಂಜಿನಿಂದ ಉಬ್ಬಿಸದೆ ತೆಗೆಯತೊಡಗಿದ. ಸಣ್ಣ ಗುಂಪಿನಲ್ಲಿ ಹದಿನಾರು ವರ್ಷಗಳ ಬಳಿಕ ಅಂಥ ಕಸಿಗಳಲ್ಲಿ ಶೇ. 83 ತೆರೆದಿದ್ದವು, ವಾಡಿಕೆಯಂತೆ ತೆಗೆದವುಗಳಲ್ಲಿ ಶೇ. 64. 2021ರಲ್ಲಿ ಪ್ರಕಟವಾದ, 2,655 ರೋಗಿಗಳ ಚೀನಾದ ಪರೀಕ್ಷೆಯೂ ಮೂರು ತಿಂಗಳಲ್ಲಿ ಇದರ ಲಾಭವನ್ನೇ ತೋರಿಸಿತು. ಮುಂದೆ ಸ್ವೀಡನ್ನಿನ ನೇತೃತ್ವದ ದೊಡ್ಡ ಪರೀಕ್ಷೆಯೊಂದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಕಾಲಿನ ಗಾಯ ಮಾಯುವ ತೊಂದರೆ ಮಾತ್ರ ಹೆಚ್ಚಿತ್ತು. ವಾದ ಇನ್ನೂ ಮುಗಿದಿಲ್ಲ. ಮುಂಗೈ ಧಮನಿಯನ್ನು ಎರಡನೆಯ ಕಸಿಯಾಗಿ ಬಳಸಿದರೆ ಸಿರೆಗಿಂತ ಒಳ್ಳೆಯದೆಂದು 2018ರಲ್ಲಿ ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗ ಕಂಡಿತು.

ಮೇಜಿನಿಂದ ಇಳಿದ ಮೇಲೆ

ಇಷ್ಟೆಲ್ಲದರ ನಡುವೆ ಗಟ್ಟಿಯಾಗಿ ನಿಂತವು ಎರಡು ಹಳೆಯ, ಅಗ್ಗದ ಮಾತ್ರೆಗಳು. ಶಸ್ತ್ರಚಿಕಿತ್ಸೆಯಾದ ಮೊದಲ ಗಂಟೆಗಳಲ್ಲಿಯೇ ಆರಂಭಿಸುವ ಆಸ್ಪಿರಿನ್ ಮೊದಲ ಹಂತದ ಹೆಪ್ಪನ್ನು ತಗ್ಗಿಸುತ್ತದೆ. ಮೂರನೆಯ ಹಂತಕ್ಕೆ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್. 1997ರಲ್ಲಿ ಪ್ರಕಟವಾದ, 1,351 ಬೈಪಾಸ್ ರೋಗಿಗಳ ಪರೀಕ್ಷೆಯಲ್ಲಿ, ಕೆಟ್ಟ ಕೊಲೆಸ್ಟರಾಲನ್ನು ಗಟ್ಟಿಯಾಗಿ ಇಳಿಸಿದವರ ಕಸಿಗಳಲ್ಲಿ ಕಾಯಿಲೆ ಮುಂದುವರಿದದ್ದು ಶೇ. 27ರಲ್ಲಿ; ಸಾಧಾರಣವಾಗಿ ಇಳಿಸಿದವರಲ್ಲಿ ಶೇ. 39. ಇವೆರಡರ ಜೊತೆಗೆ ತಂಬಾಕು ಬಿಡುವುದು, ಸಕ್ಕರೆಯನ್ನೂ ಒತ್ತಡವನ್ನೂ ಹಿಡಿತದಲ್ಲಿಡುವುದು. ಇದರಲ್ಲಿ ಹೊಸದೇನೂ ಇಲ್ಲದಿರುವುದರಿಂದಲೇ ಇದನ್ನು ಕೇಳಿಸಿಕೊಳ್ಳುವವರು ಕಡಿಮೆ.

2007ರಲ್ಲಿ ಅಂದಿನ ಆಂಧ್ರಪ್ರದೇಶದಲ್ಲಿ ಆರಂಭವಾದ ಆರೋಗ್ಯಶ್ರೀ ಯೋಜನೆ ಬಡವರಿಗೂ ಹೃದಯದ ಶಸ್ತ್ರಚಿಕಿತ್ಸೆಯ ಬಾಗಿಲು ತೆರೆಯಿತು. 2010ರಲ್ಲಿ ಕರ್ನಾಟಕವೂ ಅಂಥದೇ ಯೋಜನೆಯನ್ನು ಕಲಬುರಗಿ ವಿಭಾಗದಿಂದಲೇ ಆರಂಭಿಸಿತು. ಇವು ದೊಡ್ಡ ಸಾಧನೆಗಳು. ಆದರೆ ಇಂಥ ಯೋಜನೆಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಒಂದು ಘಟನೆ. ಸಿರೆಯ ಲೆಕ್ಕದಲ್ಲಿ ಅದು ಒಂದು ಆರಂಭ. ಹತ್ತು ವರ್ಷಗಳ ಮಾತ್ರೆ, ವರ್ಷಕ್ಕೊಮ್ಮೆಯ ರಕ್ತಪರೀಕ್ಷೆ, ತಜ್ಞರ ಭೇಟಿಗೆ ಊರಿನಿಂದ ಬಂದುಹೋಗುವ ಬಸ್ ಖರ್ಚು ಬಹುಮಟ್ಟಿಗೆ ಮನೆಯವರ ಪಾಲಿಗೆ ಬೀಳುತ್ತವೆ. ಎದೆನೋವು ಹೋಯಿತು, ಇನ್ನು ಗುಳಿಗೆ ಏಕೆ ಎಂದು ಆರು ತಿಂಗಳಿಗೆ ನಿಲ್ಲಿಸಿದವರ ಎದೆಯೊಳಗೆ ಆ ಹೊತ್ತಿಗೆ ಸರಿಯಾಗಿ ಎರಡನೆಯ ಹಂತ ನಡೆದಿರುತ್ತದೆ, ಮೂರನೆಯದು ಕಾದಿರುತ್ತದೆ.

ಅಫ್ಜಲ್‌ಗಂಜಿನ ಆ ಆಸ್ಪತ್ರೆ 1908ರ ಮೂಸಿ ಪ್ರವಾಹದಲ್ಲಿ ಕೊಚ್ಚಿಹೋಯಿತು. ಅದರ ಉತ್ತರಾಧಿಕಾರಿಯಾಗಿ ಎದ್ದ ಉಸ್ಮಾನಿಯಾ ಆಸ್ಪತ್ರೆಗೆ ಗಡಿಯಾಚೆಯ ನಮ್ಮ ಜಿಲ್ಲೆಗಳ ಜನ ಇಂದಿಗೂ ಬರುತ್ತಾರೆ. ಅಲ್ಲಿಯ ಆಯೋಗ ತಪ್ಪು ಉತ್ತರ ಕೊಟ್ಟರೂ ಸರಿಯಾದ ಪ್ರಶ್ನೆ ಕೇಳಿತ್ತು: ಚಿಕಿತ್ಸೆ ಎಲ್ಲಿ, ಯಾವ ಗಳಿಗೆಯಲ್ಲಿ ಸೋಲುತ್ತದೆ? ಸಿರೆಯ ಕಸಿಯ ವಿಷಯದಲ್ಲಿ ಆ ಪ್ರಶ್ನೆಗೆ ಸಿಕ್ಕಿರುವ ಉತ್ತರದ ಒಂದು ಭಾಗ ಶಸ್ತ್ರವೈದ್ಯರ ಕೈಯಲ್ಲಿದೆ, ಇನ್ನೊಂದು ಭಾಗ ಪ್ರಯೋಗಾಲಯದಲ್ಲಿದೆ, ಮೂರನೆಯ ಭಾಗ ನಮ್ಮ ಮನೆಗಳಲ್ಲಿದೆ. ಊರಿಗೆ ಹಿಂತಿರುಗುವ ನೆಂಟರನ್ನು ಬಸ್ಸು ಹತ್ತಿಸುವಾಗ ಕೈಚೀಲದಲ್ಲಿ ಮಾತ್ರೆಯ ಚೀಟಿ ಇದೆಯೇ, ಮುಂದಿನ ತಪಾಸಣೆಯ ತಾರೀಖು ಮನೆಯವರಿಗೆ ಗೊತ್ತಿದೆಯೇ ಎಂದು ಕೇಳುವಷ್ಟನ್ನಾದರೂ ಇಲ್ಲಿರುವ ನಾವು ಮಾಡಬಹುದು.